ಹನ್ನೆರಡು ಉತ್ತರ, ಒಂದು ಶಾಯಿಗೀಟು

ಸಾವಿರದ ಒಂಬೈನೂರ ಮೂವತ್ತೆರಡು, ಜುಲೈ ಒಂಬತ್ತು, ಶನಿವಾರ. ನಾಲ್ಕು ಗಂಟೆಗೆ ಕೃಷ್ಣಮೂರ್ತಿಪುರಂ ವಾಚನಾಲಯದ ಹನ್ನೆರಡು ಮಂದಿ ಸದಸ್ಯರು ಒಂದು ಪ್ರಶ್ನೆಗೆ ಉತ್ತರ ಬರೆದು ಪೆಟ್ಟಿಗೆಗೆ ಹಾಕಿದರು. ನಾಲ್ಕೂವರೆಗೆ ವಾಚನಾಲಯ ನೋಡಿಕೊಳ್ಳುವ ರೋಸಮ್ಮ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಕೈಯನ್ನು ಎಂದಿನಂತೆ ಮೊಳೆಗೆ ತೂಗುಹಾಕಿ, ಪಾದ್ರಿಗಳ ಬಳಿ ಪಾಪನಿವೇದನೆಗೆಂದು ಇಗರ್ಜಿಗೆ ಹೋದರು. ನಾಲ್ಕು ಮುಕ್ಕಾಲಿಗೆ ಗುತ್ತಿಗೆದಾರ ಕೃಷ್ಣಪ್ಪ ಪತ್ರಿಕೆ ಓದಲು ಮರಳಿದರು. ಐದಕ್ಕೆ ನಿವೃತ್ತ ಗುಮಾಸ್ತೆ ಮಹದೇವಯ್ಯ ಮರೆತ ಛತ್ರಿಗಾಗಿ ಬಂದು ಹೋದರು. ಐದೂಕಾಲಿಗೆ ಬೀಗ ತೆಗೆದಾಗ ಪೆಟ್ಟಿಗೆ ಖಾಲಿಯಾಗಿತ್ತು.

ಇಷ್ಟನ್ನೂ ಪಟ್ಟಿ ಮಾಡಿದವನು ಬಿ.ಎಸ್ಸಿ. ಮುಗಿಸಿದ್ದ ಅಶ್ವತ್ಥ, ಹನ್ನೆರಡರಲ್ಲಿ ಅವನೂ ಒಬ್ಬ. ಜನ ಸರಿತಪ್ಪುಗಳನ್ನು ಹೇಗೆ ತೂಗುತ್ತಾರೆಂದು ಅಭ್ಯಾಸ ಮಾಡಲು ಆ ಪ್ರಶ್ನೆ ಕೊಟ್ಟಿದ್ದ ಅಧ್ಯಾಪಕ ಅನಂತಪದ್ಮನಾಭರು ಸದಸ್ಯರನ್ನೆಲ್ಲ ಕರೆಸಿ, ಇಗರ್ಜಿಯಿಂದ ಮರಳಿದ್ದ ರೋಸಮ್ಮನವರ ಮೇಲೆ ಹರಿಹಾಯ್ದರು. "ಕೀಲಿಕೈ ನಿಮ್ಮ ಜವಾಬ್ದಾರಿ ತಾನೆ? ನೀವಲ್ಲದೆ ಇನ್ಯಾರು ತೆಗೆದಾರು? ಸೋಮವಾರದಿಂದ ಬರಬೇಡಿ!"

"ನಾನ್ಯಾಕೆ ತಗೊಳ್ಲಿ ಸ್ವಾಮಿ? ಕಳ್ಳಿ ಅನ್ನಿಸ್ಕೊಂಡೋಳ್ಗೆ ಈ ಊರಲ್ಲಿ ಇನ್ಯಾರು ಕೆಲಸ ಕೊಡ್ತಾರೆ?"

ಸದಸ್ಯರು ಗೋಡೆ ನೋಡಿದರು, ಸೂರು ನೋಡಿದರು. ದಾರಿಯಿಂದಲೇ ತಿರುಗಿ ಬಂದಿದ್ದ ಮಹದೇವಯ್ಯನವರ ಪೇಟದಿಂದ ಸೋನೆಯ ನೀರು ತೊಟ್ಟಿಕ್ಕುತ್ತಿತ್ತು, ಛತ್ರಿ ಕಂಕುಳಲ್ಲಿತ್ತು. ಅಶ್ವತ್ಥ ಪೆನ್ಸಿಲ್ ಹೆರೆಯುತ್ತ ಕೂತ.

ವಾಚನಾಲಯದ ಮಹಡಿಯ ಮೇಲಿನ ಮನೆಯಿಂದ ಅವನ ಸೋದರತ್ತೆ ಚೂಡಾಮಣಿ ಇಳಿದು ಬಂದರು. ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಬಡಾವಣೆಯ ಯಾವ ಒಗಟಾದರೂ ಬಿಡಿಸಿಕೊಳ್ಳಲು ಅವರ ಮೆಟ್ಟಿಲನ್ನೇ ಹತ್ತುತ್ತಿತ್ತು. ಪ್ರಶ್ನೆಯನ್ನು ಓದಿದರು: 'ನಿರಪರಾಧಿಯನ್ನು ದೂರುವಾಗ ನೀವು ಎಂದಾದರೂ ಸುಮ್ಮನಿದ್ದೀರಾ? ಪೆನ್ಸಿಲಿನಲ್ಲೇ ಬರೆಯಿರಿ, ಹೆಸರು ಬೇಡ.'

ಆಮೇಲೆ ಮೇಜಿನ ಮೇಲಿದ್ದ, ಶಾಯಿ ಹೀರುವ ಒತ್ತುಕಾಗದವನ್ನು ಎತ್ತಿದರು. "ಈ ಒತ್ತುಕಾಗದ ಯಾವತ್ತಿಂದೋ?"

"ಮೂರೂವರೆಗೆ ನಾನೇ ಹೊಸದು ಇಟ್ಟೆ, ಅತ್ತೆ."

"ಮತ್ತೆ ಇದರ ಮೇಲೆ ಶಾಯಿಗೀಟು?"

ಅಶ್ವತ್ಥನ ತಾಳ್ಮೆ ತಪ್ಪಿತು. "ಕಳುವಾಗಿರೋದು ಕಾಗದ, ನೀವು ಶಾಯಿ ವಿಚಾರಿಸ್ತೀರಲ್ಲ!"

"ಬಿ.ಎಸ್ಸಿ. ಓದ್ಬುಟ್ಟು ಹಿಂಗೆ ಕೇಳ್ತೀಯಲ್ಲೋ!" ಎಂದು ಗದರಿ, ಅವರು ಕೃಷ್ಣಪ್ಪನವರಿಗೂ ಮಹದೇವಯ್ಯನವರಿಗೂ ಒಂದೊಂದು ಹಾಳೆ, ಪೆನ್ಸಿಲ್ ಕೊಟ್ಟರು. "'ನನಗೇನೂ ತಿಳಿಯದು' ಅಂತ ಬರೀರಿ."

"ನನ್ನ ಮೇಲೂ ಅನುಮಾನವೇ ತಾಯಿ?" ಎಂದರು ಕೃಷ್ಣಪ್ಪ.

"ಬರೀರಿ ಕಣ್ರೀ, ಸಾಕು."

ಕೃಷ್ಣಪ್ಪ ಬರೆದು ಕೊಟ್ಟರು. ಮಹದೇವಯ್ಯ ಬರೆದರು, ಕೋಟಿನಿಂದ ಪೆನ್ನು ತೆಗೆದು ಕೆಳಗೆ ಶಾಯಿಯಲ್ಲಿ ರುಜು ಹಾಕಿದರು, ಒತ್ತುಕಾಗದಕ್ಕೆ ಚಾಚಿದ ಕೈ ಅಲ್ಲೇ ನಿಂತಿತು.

"ಮೂವತ್ತು ವರ್ಷ ರುಜುವಿಲ್ಲದ ಕಾಗದ ನಿಮ್ಮ ಈ ಕೈ ದಾಟಿಲ್ಲ," ಎಂದರು ಚೂಡಾಮಣಿ. "ಉತ್ತರ ಪೆನ್ಸಿಲಿನಲ್ಲಿ ಬರೆದಿರಿ, ರುಜು ಮಾತ್ರ ಅಭ್ಯಾಸಬಲದಿಂದ ಶಾಯಿಯಲ್ಲಿ ಬಿತ್ತು. ಮನೆ ದಾರಿಯಲ್ಲಿ ಜ್ಞಾಪಕ ಬಂತು. ಕೃಷ್ಣಪ್ಪನವರ ಮುಖ ಪತ್ರಿಕೆಯ ಮರೆಯಲ್ಲಿತ್ತು. ನಿಮ್ಮದೊಂದನ್ನೇ ಹುಡುಕೋಕೆ ಹೊತ್ತಿರಲಿಲ್ಲ, ಕಟ್ಟನ್ನೇ ತೆಗೆದಿರಿ. ಛತ್ರಿ ಹಿಡಿದೂ ನೆಂದು ಬಂದಿರಲ್ಲ, ಅದನ್ನೀಗ ಬಿಚ್ಚಿ."

ಛತ್ರಿಯಿಂದ ಹನ್ನೆರಡು ಹಾಳೆಗಳು ಉದುರಿದವು.

"ಇಪ್ಪತ್ತು ವರ್ಷದ ಕೆಳಗೆ ಒಬ್ಬ ಜವಾನನ್ನ ನನ್ನೆದುರೇ ಕಳ್ಳ ಅಂತ ತೆಗೆದ್ರು, ತಾಯಿ. ಅವನಲ್ಲ ಅಂತ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅದನ್ನೇ ಬರೆದಿದ್ದೆ," ಎಂದರು ಮಹದೇವಯ್ಯ.

"ಇವತ್ತೂ ಬಿಡಲಿಲ್ಲವಲ್ಲ!" ಚೂಡಾಮಣಿ ಉಳಿದವರತ್ತ ತಿರುಗಿದರು. "ಕೀಲಿಕೈ ಮೊಳೆಯಲ್ಲಿ ಎಲ್ಲರ ಕೈಗೂ ಸಿಗುತ್ತೆ ಅಂತ ನಿಮಗೆಲ್ಲ ಗೊತ್ತಿತ್ತು. ಒಬ್ಬರಾದರೂ ಅಂದಿರಾ?"

ಅನಂತಪದ್ಮನಾಭರು ತಲೆ ತಗ್ಗಿಸಿ, "ಸೋಮವಾರ ದಯವಿಟ್ಟು ಬನ್ನಿ, ರೋಸಮ್ಮನವರೇ," ಎಂದರು.

ಅಶ್ವತ್ಥ ಹಾಳೆಗಳನ್ನು ಎಣಿಸಿ, ತನ್ನದನ್ನೂ ಸೇರಿಸಿ, ಪಟ್ಟಿಯ ಕೊನೆಗೆ ಬರೆದ: 'ಇಲ್ಲ' ಎಂದವರು ಹನ್ನೊಂದು. 'ಹೌದು' ಎಂದವರು ಒಬ್ಬರು. ಈ ಸಂಜೆ ಸುಮ್ಮನಿದ್ದವರು ಹನ್ನೆರಡು.