ತೆರೆದೇ ಇದ್ದ ಚಾಟ್

ಫಹೀಮ್‌ನ ಅಳುವನ್ನು ಕಾವೇರಿ ಮೊದಲು ಓದಿದಳು. ಅವನನ್ನು ನೋಡಿದ್ದು ಆಮೇಲೆ.

ಅದು ಅವರ ಕೆಲಸ. ಇಂದಿರಾನಗರದ ಹಳೆಯ ಬಂಗಲೆಯೊಂದು ಈಗ ಆಫೀಸು. ಮನಸ್ಸು ಕುಸಿದವರಿಗೆ ಫೋನಿನಲ್ಲೇ ಸಮಾಧಾನ ಹೇಳುವ ಆ್ಯಪ್‌ಗಳನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ಯಾವುದು ಕೈ ಹಿಡಿಯುತ್ತದೆ, ಯಾವುದು ಕೈ ಕೊಡುತ್ತದೆ ಎಂದು. ಹಿಂದಿನ ಕೋಣೆಯಲ್ಲಿ ಕೂತ ಫಹೀಮ್ ದುಃಖದಲ್ಲಿ ಇರುವವನಂತೆ ಬರೆಯುತ್ತಿದ್ದ. ಆ್ಯಪ್ ಉತ್ತರಿಸುತ್ತಿತ್ತು. ಮುಂದಿನ ಕೋಣೆಯಲ್ಲಿ ಕಾವೇರಿ ಅದೇ ಚಾಟನ್ನು ತನ್ನ ಪರದೆಯಲ್ಲಿ ಓದಿ, ಆ್ಯಪ್‌ಗೆ ಅಂಕ ಹಾಕುತ್ತಿದ್ದಳು. ಅವಳು ಒಂದಕ್ಷರವನ್ನೂ ಬರೆಯಕೂಡದು. ಕೊನೆಯಲ್ಲಿ ಅವನು ‘ಪರೀಕ್ಷೆ ಮುಗಿಯಿತು’ ಎಂದು ಟೈಪ್ ಮಾಡಿದರೆ ಚಾಟ್ ಮುಚ್ಚಿಕೊಳ್ಳುತ್ತಿತ್ತು. ಮೇಲ್ವಿಚಾರಕಿ, ಮನೋವೈದ್ಯೆ ಶೀಬಾ ಡಾಕ್ಟರು ಹಾಕಿದ ನಿಯಮ.

ಮೊದಲ ದಿನ ಟೀ ಹೊತ್ತಿಗೆ ವರಾಂಡಾದಲ್ಲಿ ಅವನನ್ನು ಕಂಡು ಅವಳಿಗೆ ನಗು ಬಂತು. ಬೆಳಿಗ್ಗೆಯಿಂದ ಎದೆ ಹಿಂಡುವಂತೆ ಬರೆದವನು, ಟೀಯಲ್ಲಿ ಅದ್ದಿದ ಬಿಸ್ಕತ್ತು ಮುರಿದು ಬಿತ್ತೆಂದು ಪೆಚ್ಚಾಗಿ ನಿಂತಿದ್ದ.

“ಮಗ ಫೋನ್ ಮಾಡಲ್ಲ ಅಂತ ಅಳ್ತಿದ್ದ ರಿಟೈರ್ಡ್ ಕ್ಲರ್ಕು ನೀವೇನಾ?”

“ನಾನೇ ಮೇಡಂ. ಅಳು ಹೇಗಿತ್ತು?”

“ಮಾರ್ಕ್ಸ್ ಆ್ಯಪಿಗೆ, ನಿಮಗಲ್ಲ.”

“ಆದ್ರೂ?”

“ಐದಕ್ಕೆ ನಾಲ್ಕು. ಸ್ವಲ್ಪ ಓವರ್ ಆಕ್ಟಿಂಗು.”

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ತುಸು ಮೊದಲೇ ಚಿಕ್ಕದಾಗುತ್ತಿತ್ತು. ಬಲಗಣ್ಣು ಅನುಮತಿ ಕೇಳಿ ಹಿಂದೆ ಬರುವಂತೆ. ಕಾವೇರಿ ಲೋಟದೊಳಗೆ ನೋಡತೊಡಗಿದಳು. ಮದುವೆ ಮುರಿದು, ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಯಲ್ಲಿ ಮಗಳನ್ನು ಸಾಕುತ್ತಿದ್ದವಳು ಅವಳು. ಯಾರದೋ ಕಣ್ಣು ಚಿಕ್ಕದಾಗುವುದನ್ನು ಗಮನಿಸುವಷ್ಟು ಪುರುಸೊತ್ತು ತನಗಿದೆ ಎಂದು ಅವಳಿಗೆ ಅಂದೇ ಗೊತ್ತಾದದ್ದು.

ಆಮೇಲೆ ದಿನವೂ ಟೀ. ದಿನವೂ ಜಗಳ.

“ಇವತ್ತು ಐದಕ್ಕೆ ಮೂರು. ನಿಮ್ಮ ಕ್ಲರ್ಕು ಸುಮ್ನೆ ಗೋಳಾಡ್ತಾನೆ.”

“ಕಲ್ಲು ಹೃದಯ ರೀ ನಿಮ್ದು.”

“ಮಗಳಿಗೆ ಹೋಂವರ್ಕ್ ಮಾಡಿಸಿ ನೋಡಿ, ನಿಮ್ಮದೂ ಕಲ್ಲಾಗತ್ತೆ.”

ಅವನ ಅಣ್ಣ ಖಾದರ್ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲವೆಂದೂ, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅಣ್ಣನ ಅತ್ತರ್ ಅಂಗಡಿ ಅಂದಿನಿಂದ ಮುಚ್ಚಿದೆಯೆಂದೂ ಒಮ್ಮೆ ಹೇಳಿದ್ದ. ಹೇಳಿ, ತಕ್ಷಣ ಮಾತು ಬದಲಿಸಿದ್ದ. ಅವಳೂ ಕೆದಕಿರಲಿಲ್ಲ.

ಏಳನೇ ಆ್ಯಪ್ ಬಂದ ಮೇಲೆ ಅವನ ಬರಹ ಬದಲಾಯಿತು. ಅಳು ಇರಲಿಲ್ಲ. ಗೋಳು ಇರಲಿಲ್ಲ. ನೀರು ಇಳಿದ ಮೇಲೆ ಕಾಣುವ ಕೆಸರಿನಂತೆ, ಚಪ್ಪಟೆಯಾದ ಸಣ್ಣ ಸಣ್ಣ ಸಾಲು. ‘ಇವತ್ತು ಏನೂ ರುಚಿ ಇರಲಿಲ್ಲ.’ ‘ಎಲ್ಲರೂ ಗಾಜಿನ ಆಚೆ ಇದ್ದ ಹಾಗಿದ್ದಾರೆ.’ ಆ್ಯಪ್ ಮಾತ್ರ ಜೇನಿನಷ್ಟು ಸಿಹಿಯಾಗಿತ್ತು. ಹಂಚಿಕೊಂಡಿದ್ದಕ್ಕೆ ಧನ್ಯವಾದ, ನಿಮ್ಮ ಭಾವನೆ ಸಹಜ.

“ಇವತ್ತು ಐದಕ್ಕೆ ಐದು!” ಎಂದಳು ಕಾವೇರಿ ಟೀ ಹೊತ್ತಿನಲ್ಲಿ.

ಅವನು ನಕ್ಕ. ಎರಡು ಕಣ್ಣೂ ಚಿಕ್ಕದಾಗದೆ ಹಾಗೇ ಇದ್ದವು.

ಮರುದಿನ ಅವನು ಆಫೀಸಿಗೆ ಬರಲಿಲ್ಲ. ಹೊರಗಿನಿಂದಲೇ ಫೋನಿನಲ್ಲಿ ಬರೆಯುತ್ತೇನೆಂದು ಶೀಬಾ ಡಾಕ್ಟರಿಗೆ ತಿಳಿಸಿದ್ದನಂತೆ. ಮಧ್ಯಾಹ್ನವೇ ಮೋಡ ಕವಿದು ಬಂಗಲೆಯೊಳಗೆ ಲೈಟು ಹಾಕಿದ್ದರು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಬಂದವು.

‘ಇಲ್ಲಿ ಕತ್ತಲೆ ಚೆನ್ನಾಗಿದೆ. ಅಣ್ಣನ ಅತ್ತರ್ ವಾಸನೆ ಇನ್ನೂ ಇದೆ. ಇಲ್ಲಿಂದ ಎದ್ದು ಹೋಗೋ ಆಸೆ ಇಲ್ಲ. ನಾನಿಲ್ಲದಿದ್ರೆ ಯಾರಿಗೂ ಕಷ್ಟ ಆಗಲ್ಲ.’

‘ಹಂಚಿಕೊಂಡಿದ್ದಕ್ಕೆ ಧನ್ಯವಾದ. ಈಗ ನಿಧಾನವಾಗಿ ಉಸಿರು ಎಳೆದುಕೊಳ್ಳೋಣವೇ?’

ರೂಢಿಯಂತೆ ಕಾವೇರಿ ಆ ಉತ್ತರಕ್ಕೆ ಸೊನ್ನೆ ಒತ್ತಿದಳು. ಒತ್ತಿದ ಬೆರಳು ಅಲ್ಲೇ ನಿಂತಿತು. ರಿಟೈರ್ಡ್ ಕ್ಲರ್ಕಿಗೆ ಅಣ್ಣನೇ ಇರಲಿಲ್ಲ.

‘ಪರೀಕ್ಷೆ ಮುಗಿಯಿತು’ ಬರಲಿಲ್ಲ. ಅವಳು ಕಾದಳು. ಚಾಟ್ ತೆರೆದೇ ಇತ್ತು. ‘ಇದ್ದೀರಾ?’ ಎಂದು ಆ್ಯಪ್ ಕೇಳಿತು. ಮತ್ತೆ ಕೇಳಿತು. ಕಾವೇರಿ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಎರಡನೇ ಸಲ ಅವನೇ ಕಟ್ ಮಾಡಿದ.

ಅವಳು ಅವನದೇ ಚಾಟಿನಲ್ಲಿ ಟೈಪ್ ಮಾಡಿದಳು.

‘ಎಲ್ಲಿದ್ದೀರಾ ರೀ? ಫೋನ್ ಎತ್ತೋಕೇನು ದಾಡಿ? ತಲೆ ನೆಟ್ಟಗಿದೆಯಾ?’

ಆ್ಯಪ್‌ಗೆ ಅವಳಾರೆಂದು ಗೊತ್ತಿಲ್ಲ. ಎಲ್ಲವನ್ನೂ ಅವನೇ ಬರೆದನೆಂದು ತಿಳಿದು ಮೆತ್ತಗೆ ಹೇಳಿತು: ‘ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.’

ಆಮೇಲೆ ಪರದೆಯ ಮೇಲೆ ಒಂದೇ ಪದ.

‘ಕಾವೇರಿ?’

ಮೇಡಂ ಇಲ್ಲ, ರೀ ಇಲ್ಲ. ಇನ್ಯಾವತ್ತಾದರೂ ಆಗಿದ್ದರೆ ಅವಳು ಆ ಪದವನ್ನು ಹತ್ತು ಸಲ ಓದಿಕೊಳ್ಳುತ್ತಿದ್ದಳು.

‘ನಾನೇ. ಅಂಗಡೀಲಿದ್ದೀರಾ?’

‘ಹ್ಞೂಂ.’

‘ಬರ್ತಿದೀನಿ. ಏನಾದ್ರೂ ಬರೀತಾ ಇರಿ. ನನ್ನ ಬೈದಾದ್ರೂ ಬರೀರಿ.’

ಅವಳು ಕೂಗಿ ಕರೆದಾಗ ಬಂದ ಶೀಬಾ ಡಾಕ್ಟರು ಪರದೆಯನ್ನು ಒಮ್ಮೆ ನೋಡಿ, “ಹೊರಡು. ಚಾಟ್ ಮಾತ್ರ ಬಿಡಬೇಡ. ಅವರ ಮನೆಗೂ ಪೊಲೀಸರಿಗೂ ನಾನು ಫೋನ್ ಮಾಡ್ತೀನಿ” ಎಂದರು.

ಹಲಸೂರಿನಲ್ಲಿ ಆಟೋ ನಿಂತೇ ಬಿಟ್ಟಿತು. ಮುಂದೆ ಬಸ್ಸು, ಪಕ್ಕದಲ್ಲಿ ಕೆರೆಯ ಬೇಲಿ, ಬೇಲಿಯಾಚೆ ಸೀಸದ ಬಣ್ಣದ ನೀರು. ಅವಳು ಆ ಕಡೆ ನೋಡದೆ ಫೋನಿನಲ್ಲಿ ಅದೇ ಚಾಟಿಗೆ ಬರೆದಳು. ಮಗಳು ಬೆಳಿಗ್ಗೆ ಶೂ ಹಾಕಲ್ಲವೆಂದು ಅತ್ತದ್ದು, ಮನೆ ಓನರ್ ಜಟ್ಟೆಮ್ಮ ತಾರಸಿಯಲ್ಲಿ ಕೋಳಿ ಸಾಕಿರುವುದು. ಅವನು ‘ಹ್ಞೂಂ’ ಎನ್ನುತ್ತಿದ್ದ. ನಡುವೆ ಆ್ಯಪ್ ಸಂತೋಷಪಟ್ಟಿತು: ‘ನಿಮ್ಮೊಳಗಿನ ಎರಡು ಧ್ವನಿಗಳು ಪರಸ್ಪರ ಮಾತನಾಡುತ್ತಿವೆ. ಒಳ್ಳೆಯ ಬೆಳವಣಿಗೆ!’

ಶಿವಾಜಿನಗರ ಮುಟ್ಟುವಾಗ ‘ಹ್ಞೂಂ’ ನಿಂತಿತು.

ಗಲ್ಲಿಯಲ್ಲಿ ಎಲ್ಲ ಅಂಗಡಿಗಳಲ್ಲೂ ದೀಪ, ಗಲಾಟೆ. ಒಂದು ಶಟರ್ ಮಾತ್ರ ನೆಲದವರೆಗೆ ಇಳಿದಿತ್ತು. ಪಕ್ಕದ ಬಳೆ ಅಂಗಡಿಯ ಶಮೀಮ್ ಆಪಾ ಕೂಗಿದರು: “ಬಂದ್ ಹೈ ಅಮ್ಮಾ! ಖಾದರ್ ಭಾಯಿ ಹೋದ್ಮೇಲೆ ತೆಗ್ದಿಲ್ಲ.”

“ಹೊರಗೆ ಬೀಗ ಇಲ್ಲ ಆಪಾ. ಫಹೀಮ್ ಒಳಗಿದಾರೆ.”

ಆಪಾ ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟರು. “ಯಾ ಅಲ್ಲಾ.”

ಕಾವೇರಿ ಒದ್ದೆ ನೆಲದ ಮೇಲೆ ಕೂತು ಬಾಯಿಯನ್ನು ಶಟರಿನ ಹತ್ತಿರ ತಂದಳು.

“ಫಹೀಮ್.”

ಅವಳು ಬೆರಳಿನಿಂದ ಶಟರ್ ತಟ್ಟಿದಳು.

“ನಾನಿಲ್ದಿದ್ರೆ ಯಾರಿಗೂ ಕಷ್ಟ ಆಗಲ್ಲ ಅಂತ ಬರ್ದ್ರಲ್ಲ, ನಂಗಾಗತ್ತೆ. ಕೇಳಿಸ್ತಿದೆಯಾ? ನಿಮ್ಮ ಅಳು ಓದೋಕೆ ನಂಗೆ ಸಂಬಳ ಕೊಡ್ತಾರೆ. ನಗು ನೋಡೋಕೆ ಯಾರೂ ಕೊಡಲ್ಲ. ಆದ್ರೂ ದಿನಾ ಬೆಳಿಗ್ಗೆಯಿಂದ ಟೀಗೋಸ್ಕರ ಕಾಯ್ತೀನಿ. ಆ ಟೀ ಕುಡಿಯೋಕೇ ಆಗಲ್ಲ, ಅಷ್ಟು ಕೆಟ್ಟದಾಗಿರತ್ತೆ.”

ಗಲ್ಲಿ ಸುಮ್ಮನಾಗಿತ್ತು. ಕೋಳಿ ಅಂಗಡಿಯವನು ಕತ್ತಿ ಹಿಡಿದೇ ನಿಂತಿದ್ದ. ಅವಳ ಕಿವಿ ಸುಡುತ್ತಿತ್ತು.

“ಎಲ್ಲರೂ ನೋಡ್ತಿದಾರೆ. ಇನ್ನೂ ಏನು ಹೇಳಿಸ್ಬೇಕು ನನ್ ಕೈಲಿ?”

ಒಳಗೆ ಏನೋ ಸರಿದ ಸದ್ದು. ಆಮೇಲೆ ಬಹಳ ಹತ್ತಿರದಿಂದ, ಒಣಗಿದ ದನಿ. “ಅಣ್ಣ ಒಬ್ಬನೇ ಹೋದ. ಅಂಗಡಿ ತೆಗೆಯೋಕೆ ಬಂದೆ. ಆಗ್ಲಿಲ್ಲ. ಆಮೇಲೆ ಎದ್ದೇಳೋಕೂ ಆಗ್ತಿಲ್ಲ.”

“ನಿಮ್ಮೊಬ್ಬರ ಕೈಲಿ ಆಗಲ್ಲ. ಚಿಲಕ ಒಂದು ತೆಗೀರಿ, ಸಾಕು. ಮಿಕ್ಕಿದ್ದು ನಾವು ಎತ್ತುತ್ತೀವಿ.”

ಚಿಲಕ ಸರಿಯಿತು. ಆಪಾ, ಕೋಳಿ ಅಂಗಡಿಯವನು, ಕಾವೇರಿ ಸೇರಿ ಎತ್ತಿದರು. ತುಕ್ಕು ಕಿರುಗುಟ್ಟಿ ಶಟರ್ ಮೇಲೇರಿತು, ಮಲ್ಲಿಗೆ ಗಂಧದ ಘಾಟು ಹೊರಗೆ ನುಗ್ಗಿತು. ಫಹೀಮ್ ನೆಲದ ಮೇಲೆ ಕೂತಿದ್ದ. ಬೆಳಕಿಗೆ ಕಣ್ಣು ಮುಚ್ಚಿಕೊಂಡ. ಕಾವೇರಿ ಅವನ ಕೈ ಹಿಡಿದಳು. ಅದು ತಣ್ಣಗಿತ್ತು. ಬಹಳ ಹೊತ್ತಿನ ಮೇಲೆ ಅದೂ ಅವಳ ಕೈಯನ್ನು ಹಿಡಿಯಿತು.

ಅವನು ಸಿಕ್ಕಿದನೆಂದು ಕಾವೇರಿ ಶೀಬಾ ಡಾಕ್ಟರಿಗೆ ಫೋನ್ ಮಾಡಿದಳು; ಮನೆಗೂ ಪೊಲೀಸರಿಗೂ ಅವರೇ ತಿಳಿಸಿದರು. ಅವರ ಹತ್ತಿರ ಹೋಗುವ ಆಟೋದಲ್ಲಿ ಆಪಾ ಒಂದು ಕಡೆ, ಕಾವೇರಿ ಇನ್ನೊಂದು ಕಡೆ, ನಡುವೆ ಅವನು.

“ಮತ್ತೆ ಹೀಗೇ ಅನ್ನಿಸಿದ್ರೆ?” ಎಂದ ಅವನು.

“ಅನ್ನಿಸ್ಬಹುದು. ಆಗ ಹೇಳಿ. ನಂಗೆ, ಡಾಕ್ಟರಿಗೆ, ಆಪಾಗೆ.”

“ಮಾತು ಕೊಡೋಕೆ ಭಯ ಆಗತ್ತೆ.”

“ಇವತ್ತು ಮಾತು ಬೇಡ. ರಾತ್ರಿ ಊಟಕ್ಕೆ ಏನು ಮಾಡ್ಲಿ, ಅದು ಹೇಳಿ. ಡಾಕ್ಟರು ಮನೆಗೆ ಬಿಟ್ರೆ ನಮ್ಮಲ್ಲೇ ಊಟ.”

ಅವನು ಯೋಚಿಸತೊಡಗಿದ. ಹೊರಗೆ ಮೋಡ ಇನ್ನೂ ಕೆಳಗಿಳಿದಿತ್ತು.

“ಅನ್ನ ಸಾರು” ಎಂದ ಕೊನೆಗೆ.

“ಬರೀ ಅನ್ನ ಸಾರಾ?”

ಆಟೋ ಒಂದು ಸಿಗ್ನಲ್ ದಾಟಿತು.

“ಮೊಟ್ಟೆ ಇದ್ರೆ... ಒಂದು ಮೊಟ್ಟೆ.”

“ಇದೆ” ಎಂದಳು ಕಾವೇರಿ ತಕ್ಷಣ. ಮನೆಯಲ್ಲಿ ಇರಲಿಲ್ಲ.