ತುಂಬಿಯೇ ಉಳಿದ ಲೋಟ

“ಮೂರು ದಿನದಿಂದ ನಾವು ಕುಡೀತಿದ್ದದ್ದು ಇದನ್ನೇನಾ?”

ಹೀಗೆಂದ ಬಾಸ್ಸು ಪಕ್ಕಕ್ಕೆ ತಿರುಗಿ ವಾಂತಿ ಮಾಡಿದ. ಸೆಲೆಯ ತೊಟ್ಟಿಯಲ್ಲಿ ಜವೆಗೋಧಿ ಚೀಲವೊಂದು ಉಬ್ಬಿ ತೇಲುತ್ತಿತ್ತು. ಹರಿದ ಕಡೆಯಿಂದ ನಾಯಿಯ ಕಾಲು ಹೊರಚಾಚಿತ್ತು. ಕೂದಲು ಉದುರಿ ಚರ್ಮ ಲೋಳೆಯಾಗಿತ್ತು. ನೀರಿನ ಮೇಲೆ ಎಣ್ಣೆಯಂಥ ಪದರ. ಕೆಳಗಿನ ಊರಿಗೆ ಕೊಳವೆ ಹೋಗುವುದು ಈ ತೊಟ್ಟಿಯಿಂದಲೇ.

ಇಜ್ಜಾ ತಲೆವಸ್ತ್ರದಿಂದ ಮೂಗು ಮುಚ್ಚಿಕೊಂಡಳು. ಅಟ್ಲಾಸ್ ಬೆಟ್ಟದ ಈ ದೇವದಾರು ಕಾಡಿನಲ್ಲಿ ಚಾರಣಿಗರಿಗೆ ದಾರಿ ತೋರಿಸುವವಳು ಅವಳು. ಹೊರೆ ಹೊರುವುದು ಬಾಸ್ಸುವಿನ ಹೇಸರಗತ್ತೆ. ನಾಳೆ ಕಾಸಾಬ್ಲಾಂಕಾದಿಂದ ಎಂಟು ಜನ ಬರುವವರಿದ್ದರು. ಒಂದು ರಾತ್ರಿ ಈ ಸೆಲೆಯ ಪಕ್ಕದಲ್ಲೇ ಡೇರೆ. ಜಾಗ ನೋಡಿಕೊಂಡು ಹೋಗೋಣವೆಂದು ಹತ್ತಿ ಬಂದಿದ್ದರು.

ಜೊತೆಗಿದ್ದ ಫಾರೆಸ್ಟ್ ಗಾರ್ಡ್ ಮಿಮೂನ್ ಕೋಲಿನಿಂದ ಚೀಲವನ್ನು ದಡಕ್ಕೆಳೆದ. ಚೀಲದ ಬಾಯಿಗೆ ಕೆಂಪು ದಾರದ ಹೊಲಿಗೆ.

“ಹೊರೆಚೀಲ ಹೊಲಿಯೋ ಈ ದಾರ ನಿಂದಲ್ವೇನೋ ಬಾಸ್ಸು? ನಾಯೀನೂ ನಿಂದೇ.”

“ನಂದೇ ಸಾಹೇಬ್ರೆ. ನಾಲ್ಕು ದಿನದ ಹಿಂದೆ ಸತ್ತೋಯ್ತು. ಚೀಲದಲ್ಲಿ ಹೊಲಿದು ಅಕ್ರೋಟು ಮರದ ಕೆಳಗೆ ಹೂತಿದ್ದೆ. ಯಾರೋ ತೆಗೆದಿದಾರೆ.”

“ಹೂಳೋಕೆ ಸೋಮಾರಿತನ ಅನ್ನು. ನಾಳೆಯಿಂದ ನಿನ್ನ ಹೇಸರಗತ್ತೆ ಈ ದಾರಿ ತುಳಿಯೋ ಹಾಗಿಲ್ಲ.”

ಬಾಸ್ಸುವಿಗೆ ಇದ್ದದ್ದೇ ಆ ಒಂದು ಹೇಸರಗತ್ತೆ, ಈ ಒಂದು ದಾರಿ. ಅವನು ಬಾಯಿ ಒರೆಸಿಕೊಂಡ.

“ಹೂಳುವಾಗ ಜೊತೆಗೆ ಯಾರಿದ್ರು?” ಇಜ್ಜಾ ಕೇಳಿದಳು.

“ಬೆನ್ನಾಸರ್. ಪಾಪ, ಗುದ್ದಲಿ ತಂದು ಅವನೇ ಅಗೆದ.”

ಬೆನ್ನಾಸರ್ ಇಜ್ಜಾಳ ಚಿಕ್ಕಮ್ಮನ ಮಗ. ರಸ್ತೆ ಬದಿಯಲ್ಲಿ ಅವನದೊಂದು ಹೊಸ ವಸತಿಗೃಹ. ಇಜ್ಜಾ ಮಿಮೂನ್ ಕಡೆ ತಿರುಗಿದಳು.

“ಸಾಹೇಬ್ರೆ, ಕೊಳವೆ ಮುಚ್ಚಿಬಿಡಿ. ಒಂದು ಗಂಟೆ ಯಾರಿಗೂ ಹೇಳಬೇಡಿ. ನಮ್ಮನೇಲಿ ಚಹಾ ಕುಡಿಯೋಣ.”

“ಈ ಹೊಲಸು ನೋಡಿದ ಮೇಲೆ ಚಹಾನಾ?”

“ನೀರು ಆಚೆ ಕಣಿವೆಯ ಸೆಲೆಯಿಂದ ತರ್ತೀನಿ.”

* * *

ಇಜ್ಜಾಳ ತಾಯಿ ತೂದಾ ಎರಡು ದಿನದ ಭೇದಿಯಿಂದ ಸೊರಗಿ ಗೋಡೆಗೆ ಒರಗಿದ್ದಳು. ಆದರೂ ಚಹಾ ಸುರಿಯುವ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. ಮಿಮೂನ್, ಬಾಸ್ಸು ಕೂತಿದ್ದರು. ಕರೆಸಿದ್ದಕ್ಕೆ ಬೆನ್ನಾಸರನೂ ಬಂದ. ಡೇರೆ ಎಷ್ಟು, ಹೇಸರಗತ್ತೆಗೆ ಮೇವೆಷ್ಟು, ತಲೆಗೆ ನೀರೆಷ್ಟು ಎಂದು ಮಾತು ಸಾಗಿತು.

“ಕಾಡಲ್ಲಿ ಯಾಕೆ ಮಲಗಿಸ್ತೀಯ ತಂಗಿ? ನನ್ನಲ್ಲಿ ಹಾಸಿಗೆ ಇದೆ, ಬಿಸಿನೀರಿದೆ,” ಎಂದು ಬೆನ್ನಾಸರ್ ಜೇನು ಸವರಿದ ಎರಡನೇ ರೊಟ್ಟಿ ಮುರಿದ.

ಎಲ್ಲರದೂ ಎರಡನೇ ಲೋಟ ನಡೆದಿತ್ತು. ಅವನು ಮಾತ್ರ ಲೋಟವನ್ನು ತುಟಿಗೆ ಮುಟ್ಟಿಸುವುದು, ಇಳಿಸುವುದು. ಚಹಾ ಅಂಚಿನಿಂದ ಕೆಳಗಿಳಿದಿರಲಿಲ್ಲ.

“ಕುಡಿಯಲ್ವಾ ಅಣ್ಣ?”

“ಹೊಟ್ಟೆ ಸರಿಯಿಲ್ಲ.”

“ರೊಟ್ಟಿಗೆ ಸರಿಯಿದೆಯಾ?”

ತೂದಾ ನಕ್ಕಳು. “ನಿನ್ನೇನೂ ಹೀಗೇ ಕಣೆ. ಮೂರು ಲೋಟ ನನ್ನ ಕಾಮಕಸ್ತೂರಿ ಕುಂಡಕ್ಕೆ ಸುರಿದ. ನಾನು ನೋಡಲಿಲ್ಲ ಅಂದ್ಕೊಂಡಿದಾನೆ.”

ಇಜ್ಜಾ ತನ್ನ ಲೋಟ ಕೆಳಗಿಟ್ಟಳು.

“ಸೆಲೇಲಿ ಬಾಸ್ಸು ನಾಯಿ ಕೊಳೀತಿತ್ತು. ನಾವು ಮೂವರು ಅದನ್ನ ನೋಡಿದ್ದು ಇವತ್ತು ಬೆಳಿಗ್ಗೆ. ಊರಿಗಿನ್ನೂ ಗೊತ್ತಿಲ್ಲ. ನೀನು ನಿನ್ನೆಯಿಂದಲೇ ಕುಡೀತಿಲ್ಲ. ನಾಯಿ ಹೂತ ಜಾಗ ಬಾಸ್ಸು ಬಿಟ್ರೆ ನಿನಗೊಬ್ಬನಿಗೇ ಗೊತ್ತು. ಸೆಲೆ ಕೆಟ್ರೆ ಡೇರೆ ಇಲ್ಲ, ಎಂಟು ಜನಾನೂ ನಿನ್ನ ಹಾಸಿಗೆಗೆ. ಕೆಂಪು ದಾರ ಇದ್ದೇ ಇದೆ, ಕಳಂಕ ಬಾಸ್ಸುಗೆ.”

ಬೆನ್ನಾಸರ್ ಬಾಗಿಲ ಕಡೆ ನೋಡಿದ. ಮಿಮೂನ್ ಆಗಲೇ ಎದ್ದು ಅಲ್ಲಿ ನಿಂತಿದ್ದ.

“ಚಾರಣಕ್ಕೆ ಬಂದವರು ನೋಡಿ ನನ್ನಲ್ಲಿಗೆ ಇಳಿದು ಬರ್ಲಿ ಅಂತ ಅಷ್ಟೇ... ಇದರಿಂದ ಯಾರೂ ಸಾಯಲ್ಲ.”

“ನಮ್ಮಮ್ಮನ್ನ ದೊಡ್ಡಮ್ಮ ಅಂತೀಯ. ನಿನ್ನೆ ಅವಳೂ ಮೂರು ಲೋಟ ಕುಡಿಯೋದನ್ನ ಎದುರಿಗೆ ಕೂತು ನೋಡಿದೆಯಲ್ಲೋ.”

ಅವನು ತುಟಿಯ ಮೇಲಿನ ಜೇನು ಒರೆಸಿಕೊಂಡ. ಮಿಮೂನ್ ಅವನ ತೋಳು ಹಿಡಿದೆಬ್ಬಿಸಿದ. ಹೊಸ್ತಿಲಲ್ಲಿ ಮಿಮೂನ್ ಹಿಂತಿರುಗಿ ನೋಡಿದ.

“ಬಾಸ್ಸು, ನಾಳೆ ಆಚೆ ಕಣಿವೇಲಿ ಡೇರೆ ಹಾಕಿಸು. ಹೇಸರಗತ್ತೆಗೆ ಹೊಟ್ಟೆ ತುಂಬ ತಿನ್ನಿಸು.”

ತೂದಾ ಮಗಳ ಮುಖ ನೋಡಿದಳು. “ಇವತ್ತಿನ ಚಹಾ ಯಾವ ನೀರಿಂದೇ?”

“ಒಳ್ಳೆ ನೀರು ಅಮ್ಮ. ಆಚೆ ಕಣಿವೇದು.”

ಮುದುಕಿ ಗೋಡೆ ಹಿಡಿದು ಎದ್ದಳು. ಬೆನ್ನಾಸರನ ಲೋಟವನ್ನು ಎರಡು ಬೆರಳಲ್ಲಿ ಎತ್ತಿ, ಅಂಗಳಕ್ಕೆ ಹೋಗಿ ಚೆಲ್ಲಿದಳು. ಬೂದಿ ಹಾಕಿ ತಿಕ್ಕಿದಳು. ಅವನ ತುಟಿ ತಾಗಿದ್ದ ಅಂಚನ್ನು ಮತ್ತೊಮ್ಮೆ ತಿಕ್ಕಿದಳು.