ಕತ್ತಲೆ ಒಗ್ಗುವ ತನಕ

ನಮ್ಮ ಲ್ಯಾಬಿನ ಮೈಕ್ರೋಸ್ಕೋಪ್ ಕೋಣೆಗೆ ನಾನೇ ಚಕ್ರವರ್ತಿನಿ. ನಾನು ಬಾಯಿ ತೆರೆದರೆ ಮೂರು ಮಹಡಿಯ ಫ್ರಿಜ್ಜುಗಳು ಗುಂಯ್‌ಗುಡುವುದನ್ನು ನಿಲ್ಲಿಸಿ ಕೇಳುತ್ತವೆ. ಇಂಥ ನನಗೆ ಒಬ್ಬನೇ ಒಬ್ಬನೆದುರು ಮನಸ್ಸಿನ ಒಂದೇ ಒಂದು ಮಾತು ಮಾತ್ರ ಹೊರಡುತ್ತಿರಲಿಲ್ಲ.

ಅವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ರೋಗದೊಡನೆ ಕಾದಾಡಿ ಸುಸ್ತಾದ ಟಿ ಕಣಗಳನ್ನು, ಅಂದರೆ ರಕ್ತದ ಕಾವಲು ಜೀವಕೋಶಗಳನ್ನು, ಮತ್ತೆ ಎಬ್ಬಿಸುವುದು ಅವನ ಸಂಶೋಧನೆ. ಒಳಗೆ ಮಲಗಿರುವ ಜೀನ್ ಎದ್ದರೆ ಕಣ ಹಸಿರಾಗಿ ಹೊಳೆಯಬೇಕು.

ವಾರ ವಾರ ಆ ಕಣಗಳನ್ನು ಬೆಳೆಸಿದ ತಟ್ಟೆ ಹಿಡಿದು ಬರುತ್ತಿದ್ದ. ಅಷ್ಟು ಮಂದ ಬೆಳಕು ಕಾಣಬೇಕಾದರೆ ಮೊದಲು ದೀಪ ಆರಿಸಿ, ಕಣ್ಣಿಗೆ ಕತ್ತಲೆ ಒಗ್ಗುವ ತನಕ ಸುಮ್ಮನೆ ಕೂರಬೇಕು. ಆ ಹೊತ್ತನ್ನು ನಾನು ರಬ್ಬರಿನಂತೆ ಎಳೆಯುತ್ತಿದ್ದೆ.

"ಒಗ್ಗಿತಾ?"

"ಇನ್ನೂ ಇಲ್ಲ. ನನ್ನದು ರಾಜವಂಶದ ಕಣ್ಣು, ಸ್ವಲ್ಪ ನಿಧಾನ."

ಕತ್ತಲಲ್ಲಿ ಅವನ ನಗು ಮಾತ್ರ ಕೇಳುತ್ತಿತ್ತು. ಉಳಿದ ಆರು ದಿನ ಆ ನಗುವಿನ ಮೇಲೆ ಬದುಕುತ್ತಿದ್ದೆ. ಮನೆಯಲ್ಲಿ ನಾನು, ಒಂದು ಲೋಟ, ಅಕ್ಕನ ಫೋನು.

"ಊರಿಗೆಲ್ಲಾ ಭಾಷಣ ಬಿಗೀತೀಯ, ಅವನ ಹತ್ರ ಬಾಯಿಗೆ ಏನು ಬಡಿದಿದೆಯೇ ನಿಂಗೆ?"

ಹಿಂದೊಮ್ಮೆ ಪ್ರೀತಿಯ ಆ ಒಂದು ಮಾತನ್ನು ಇನ್ನೊಬ್ಬನಿಗೆ ಹೇಳಿದಾಗ "ಇದೂ ನಿನ್ನ ಬಡಾಯೀನಾ?" ಎಂದು ಹೊಟ್ಟೆ ಹಿಡಿದು ನಕ್ಕಿದ್ದ. ಹಾಗೆ ನಕ್ಕವನು ಈಗ ಎಲ್ಲಿದ್ದಾನೋ, ಯಾರಿಗೆ ಗೊತ್ತು.

ಪ್ರಾಜೆಕ್ಟಿನ ಕೊನೆಯ ದಿನ ಮೌನಿ ಕೊನೆಯ ತಟ್ಟೆ ತಂದ. ಹಸಿರು ಕಂಡರೆ ಇಲ್ಲೇ ಉಳಿಯುತ್ತಾನೆ. ಇಲ್ಲದಿದ್ದರೆ ಮರುದಿನವೇ ಬೇರೆ ಊರು, ಬೇರೆ ಕೆಲಸ.

"ಜೀನಿನ ಬಾಯಿ ಮುಚ್ಚಿಸೋ ಪ್ರೋಟೀನನ್ನ ತೆಗೆದುಹಾಕಿದೆ," ಎಂದ ಕತ್ತಲಲ್ಲಿ. "ಆದ್ರೂ ಏಳ್ತಿಲ್ಲ. ಹೋಗೋ ಮುಂಚೆ ಅದು ಡಿಎನ್‌ಎ ಮೇಲೆ ಮೀಥೈಲ್ ಅನ್ನೋ ರಾಸಾಯನಿಕ ಗುರುತು ಹಾಕಿಸಿಬಿಟ್ಟಿದೆ. ಗದರಿಸಿದವರು ಹೋದ್ರೂ ಹೆದರಿಕೆ ಹೋಗಲ್ವಲ್ಲ, ಹಾಗೆ. ಈ ಸಲ ಗುರುತು ಅಳಿಸೋ ಔಷಧೀನೂ ಹಾಕಿದೀನಿ."

ನೋಡಿದೆವು. ಕಪ್ಪು. ಬರೀ ಕಪ್ಪು.

ಅವನು ಏಳುವ ಸದ್ದಾಯಿತು.

"ಕೂತ್ಕೊಳ್ಳಿ. ನನ್ನ ಕಣ್ಣು ಇನ್ನೂ ಒಗ್ಗಿಲ್ಲ."

"ನಿಮ್ಮ ಕಣ್ಣು ನನ್ನದಕ್ಕಿಂತ ಮುಂಚೆ ಒಗ್ಗುತ್ತೆ," ಎಂದ ಮೆಲ್ಲಗೆ. "ಮೊದಲ ವಾರವೇ ಗೊತ್ತಾಯ್ತು."

ಆದರೂ ಕೂತ. ನಾನು ಜಗತ್ತಿನ ಮಾತೆಲ್ಲ ಆಡಿದೆ, ಅದೊಂದು ಬಿಟ್ಟು. ಮರುದಿನ ಹೊರಟುಹೋದ.

ತಟ್ಟೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಕಣಗಳು ಒಂದು ಎರಡಾಗಿ ಹೆಚ್ಚುತ್ತಾ ಹೋದಂತೆ ಗುರುತು ಮಾಸಬಹುದು ಎಂದಿದ್ದ. ದಿನಾ ಅವುಗಳ ಆಹಾರದ ದ್ರವ ಬದಲಿಸಿ, ದೀಪ ಆರಿಸಿ, ಒಬ್ಬಳೇ ಕೂರುತ್ತಿದ್ದೆ. ಪಕ್ಕದ ಖಾಲಿ ಸ್ಟೂಲು ಆನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ, ಮೂಲೆಯಲ್ಲಿ, ಸಾಸಿವೆಯಷ್ಟು ಹಸಿರು.

ಅವನಿಗೆ ಫೋನ್ ಮಾಡಿದೆ. "ಎದ್ದಿದೆ!"

"ಎಷ್ಟು?"

ಬೇರೆ ದಿನವಾಗಿದ್ದರೆ ಆಕಾಶದ ನಕ್ಷತ್ರವನ್ನೆಲ್ಲ ತಟ್ಟೆಗೆ ಸುರಿದಿರುತ್ತಿದ್ದೆ.

"ಒಂದು."

"ಒಂದೇನಾ? ಮಾತಾಡ್ತಿರೋದು ನೀವೇ ತಾನೆ?"

"ಒಂದೇ. ಆಮೇಲೆ... ನನಗೆ ನೀವು ಬೇಕು. ಅದೂ ಬಡಾಯಿ ಅಲ್ಲ."

ಕಿವಿಗೊಟ್ಟು ಕಾದೆ. ನಗು ಬರಲಿಲ್ಲ.

"ದೀಪ ಹಾಕ್ಬೇಡಿ," ಎಂದ. "ಬರ್ತಿದೀನಿ."